ಅಳುಪೆಟ್ಟಿಗೆ

ಮಾರ್ಚ್ 2, ಭಾನುವಾರ

ಸಂಜೆ ಮಗಳನ್ನು ಬಿಡಲು ಬಂದ ಇವಳಪ್ಪ ಕಾರಿನಿಂದ ಇಳಿಯಲಿಲ್ಲ. ಕಿಟಕಿಯ ಗಾಜನ್ನು ಅರ್ಧ ಇಳಿಸಿ, "ತಂಗಿ ಊರಿಗೆ ವರ್ಗ ಕೇಳ್ತಿದೀಯಂತೆ?" ಎಂದ.

ವರ್ಗದ ಅರ್ಜಿಯನ್ನು ನಾನಿನ್ನೂ ಬರೆದೇ ಇಲ್ಲ. ಕಚೇರಿಯಲ್ಲಿ ಒಬ್ಬರಿಗೂ ಬಾಯಿಬಿಟ್ಟಿಲ್ಲ. ಹೇಳಿದ್ದು ತಂಗಿಗೊಬ್ಬಳಿಗೇ, ಅದೂ ಫೋನಿನಲ್ಲಿ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಗಳು ಪಕ್ಕದಲ್ಲಿ ತಟ್ಟೆ ಒರೆಸುತ್ತಿದ್ದಳು, ಅಷ್ಟೇ.

"ನಿಂಗೆ ಹೇಗೆ ಗೊತ್ತು?" ಎಂದೆ.

"ಹಾಗೇ ಅನ್ನಿಸ್ತು," ಎಂದು ಗಾಜು ಏರಿಸಿದ.

ಅನ್ನಿಸಿತಂತೆ! ಒಂದೇ ಸೂರಿನಡಿ ಇದ್ದಾಗ ನನಗೆ ಜ್ವರ ಬಂದು ಮಲಗಿದ್ದರೂ ಏನೂ ಅನ್ನಿಸದ ಮನುಷ್ಯ. ಈಗ ಊರಾಚೆಯ ಮನೆಯಲ್ಲಿ ಕೂತು ನನ್ನ ಅಡುಗೆಮನೆಯ ಮಾತು ಅನ್ನಿಸುತ್ತದೆ.

ಯೋಚಿಸಿದಷ್ಟೂ ಒಂದೇ ಕಡೆ ಬಂದು ನಿಲ್ಲುತ್ತಿದೆ. ಹೋದ ತಿಂಗಳು ಉಳಿದ ಸಾಮಾನು ಒಯ್ಯುತ್ತೇನೆಂದು ಬಂದಿದ್ದ. ನಾನು ಕೆಲಸದಲ್ಲಿದ್ದೆ, ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿದ್ದೆ. ಒಬ್ಬನೇ ಒಳಗಿದ್ದ. ಅವನಿಗೆ ಮೊದಲಿಂದಲೂ ಯಂತ್ರಗಳ ಹುಚ್ಚು. ಏನೋ ಇಟ್ಟು ಹೋಗಿದ್ದಾನೆ.

ಏಪ್ರಿಲ್ ಒಂದಕ್ಕೆ ನ್ಯಾಯಾಲಯದ ಸಮಾಲೋಚಕಿ ಮಗಳನ್ನು ಕೂರಿಸಿಕೊಂಡು, ಯಾರ ಜೊತೆ ಇರುತ್ತೀಯಾ ಎಂದು ಕೇಳುತ್ತಾಳೆ. ಮಗಳಿಗೆ ಹದಿನಾಲ್ಕು. ಅವಳ ಮಾತಿಗೆ ತೂಕವಿದೆಯಂತೆ. ಮೂರ್ಖರ ದಿನವೇ ಸಿಕ್ಕಿತಾ ಇವರಿಗೆ?

ಮಾರ್ಚ್ 5, ಬುಧವಾರ

ಎಲೆಕ್ಟ್ರಾನಿಕ್ ಅಂಗಡಿಯಿಂದ ಸಿಗ್ನಲ್ ಪತ್ತೆ ಮಾಡುವ ಯಂತ್ರ ತಂದೆ. ಟಿವಿ ರಿಮೋಟಿಗೆ ಒಂದು ಮೀಸೆ ಬಂದ ಹಾಗಿದೆ. ಎಲ್ಲಿ ಗುಪ್ತಯಂತ್ರವಿದೆಯೋ ಅಲ್ಲಿ ಕಿಯ್ ಎನ್ನುತ್ತದೆ ಎಂದು ಡಬ್ಬದ ಮೇಲೆ ಬರೆದಿದೆ. ನಮ್ಮ ಮನೆಯಲ್ಲಿ ಅದು ಕಿಯ್ ಎನ್ನದ ಜಾಗ ಯಾವುದಿದೆ? ಇಂಟರ್ನೆಟ್ ಪೆಟ್ಟಿಗೆಯ ಹತ್ತಿರ ಕಿಯ್. ಮೈಕ್ರೋವೇವ್ ಹತ್ತಿರ ಕಿಯ್. ಪಕ್ಕದ ಮನೆಯ ಗೋಡೆಗೆ ಹಿಡಿದರೆ ಕಿರುಚಿಕೊಂಡಿತು. ಬಚ್ಚಲಲ್ಲೂ ಬಿಡಲಿಲ್ಲ.

ಅಂಗಡಿಯವನಿಗೆ ಫೋನು ಮಾಡಿದರೆ, "ಕೂಗ್ತಿದೆ ಅಂದ್ರೆ ಕೆಲಸ ಮಾಡ್ತಿದೆ ಅಂತಾನೇ ಮೇಡಂ," ಎಂದ. ನಾನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ದಿನವಿಡೀ ಅಂಗಡಿ ಅಂಗಡಿ ಅಲೆದು ತಕ್ಕಡಿಗಳ ಸುಳ್ಳು ಹಿಡಿಯುವವಳು. ತೂಕದ ಕಲ್ಲುಗಳ ಪೆಟ್ಟಿಗೆ ಹಿಡಿದು ಬರುವುದು ಕಂಡರೆ ಬೀದಿಯವರು ಬೆನ್ನ ಹಿಂದೆ 'ಕಲ್ಲಮ್ಮ ಬಂದ್ಳು' ಎನ್ನುತ್ತಾರೆ. ಅಂಥವಳ ಕಿವಿಗೇ ಹೂವಿಡುತ್ತಾನಲ್ಲ!

ಮಗಳಿಗೆ ಎಲ್ಲವೂ ತಮಾಷೆ. "ಅಮ್ಮಾ, ನನ್ನ ತಲೆ ಮೇಲೂ ಹಿಡಿ, ಒಳಗೇನಾದ್ರೂ ಇದ್ಯಾ ನೋಡೋಣ," ಎಂದಳು. ಹಿಡಿದೆ. ಕಿಯ್ ಎಂದಿತು. ಅವಳ ಜೇಬಿನಲ್ಲಿ ಫೋನಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಮಾರ್ಚ್ 8, ಶನಿವಾರ

ಸಿಕ್ಕಿತು! ನನಗೆ ಹುಚ್ಚು ಹಿಡಿದಿಲ್ಲ. ಸಿಕ್ಕಿತು.

ಮನೆ ಸ್ಕ್ಯಾನ್ ಮಾಡಿಕೊಡುವ ಸಂಸ್ಥೆಯೊಂದರ ಜಾಹೀರಾತು ನೋಡಿದ್ದೆ. 'ನೂರಕ್ಕೆ ನೂರು ಪತ್ತೆ, ಗ್ಯಾರಂಟಿ.' ಫೋನಿನಲ್ಲೇ ಎಷ್ಟು ಕಾಳಜಿಯಿಂದ ವಿಚಾರಿಸಿದರು! ಯಾರ ಮೇಲೆ ಅನುಮಾನ, ಹೆಚ್ಚಾಗಿ ಎಲ್ಲಿ ನಿಂತು ಮಾತಾಡುತ್ತೀರಿ, ಯಾವ ಮಾತು ಹೊರಗೆ ಹೋಯಿತು, ಎಲ್ಲ. ನಾನೂ ಎಲ್ಲ ಹೇಳಿಕೊಂಡೆ. ಇಷ್ಟು ದಿನಕ್ಕೆ ಒಬ್ಬರು ನನ್ನ ಮಾತಿಗೆ ನಗದೆ ಕಿವಿಗೊಟ್ಟಿದ್ದರು.

ಇಂದು ಬಂದವನು ಸೂಟು ಹಾಕಿದ್ದ, ಕೈಯಲ್ಲಿ ಸೂಟ್‌ಕೇಸು. ತೆರೆದರೆ ಒಳಗೆಲ್ಲ ದೀಪಗಳು, ಮುಳ್ಳುಗಳು. ಹಾಲ್‌ನಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ನೇರವಾಗಿ ಅಡುಗೆಮನೆಗೆ ನಡೆದ. ಸಿಂಕಿನ ಪಕ್ಕದ ಸ್ವಿಚ್‌ಬೋರ್ಡ್ ಹತ್ತಿರ ಮುಳ್ಳು ಆ ತುದಿಯಿಂದ ಈ ತುದಿಗೆ ಹಾರಿತು.

"ಇದೇ ಮೇಡಂ. ಬಹಳ ಶಕ್ತಿಶಾಲಿ," ಎಂದು ಪಿಸುಗುಟ್ಟಿದ.

"ಬಿಚ್ಚಿ ತೋರಿಸಿ."

"ಅಯ್ಯೋ, ಬಿಚ್ಚಿದ್ರೆ ಆ ಕಡೆಯವರಿಗೆ ಗೊತ್ತಾಗ್ಬಿಡುತ್ತೆ. ಗುರುವಾರ ತರಂಗ ತಡೆ ಪೆಟ್ಟಿಗೆ ತಂದು ಕೂರಿಸ್ತೀನಿ. ನೀವು ಅದನ್ನ ಖರೀದಿ ಮಾಡ್ಬೇಕಾಗುತ್ತೆ."

ಅವನು ಹೋದ ಮೇಲೆ ಸ್ವಿಚ್‌ಬೋರ್ಡಿನ ಎದುರು ನಿಂತು ಇವಳಪ್ಪನಿಗೆ ಬಾಯಿಗೆ ಬಂದಂತೆ ಬೈದೆ. ಜೊತೆಗಿದ್ದಾಗ ನುಂಗಿಕೊಂಡಿದ್ದೆಲ್ಲ ಹೊರಗೆ ಬಂತು. ಕೇಳಿಸಿಕೊಳ್ಳಲಿ. ಮಗಳು ಅವನ ಮನೆಗೆ ಹೋಗಿದ್ದು ಒಳ್ಳೆಯದಾಯಿತು.

ಮಾರ್ಚ್ 10, ಸೋಮವಾರ

ಲಾಯರಮ್ಮ ನನ್ನಷ್ಟು ಕುಣಿಯಲಿಲ್ಲ. "ಬಾಯಿ ಮಾತಲ್ಲಿ ಆಗಲ್ಲ. ವರದಿ ಬೇಕು. ಅವರು ಮನೇಲಿ ಯಂತ್ರ ಇಟ್ಟಿದ್ದು ಸಾಬೀತಾದ್ರೆ ಸಮಾಲೋಚಕಿ ಮಗೂನ ಅವರ ಕಡೆ ಬಿಡೋ ಮಾತೇ ಇಲ್ಲ," ಎಂದರು. ಆಮೇಲೆ ಕನ್ನಡಕ ತೆಗೆದು, "ಆದ್ರೆ ಸ್ಕ್ಯಾನ್ ಮಾಡಿದವನೇ ಖೋಟಾ ಅಂತಾದ್ರೆ ನಿಮಗೇ ತಿರುಗಿ ಬೀಳುತ್ತೆ, ನೋಡಿ. ಅವನು ಅಸಲೀನಾ?" ಎಂದು ಕೇಳಿದರು.

ಅಸಲೀನಾ? ಅದು ನಾನು ಊರೆಲ್ಲ ಕೇಳಿಕೊಂಡು ತಿರುಗುವ ಪ್ರಶ್ನೆ. ನನ್ನ ಮನೆಗೆ ಬಂದವನಿಗೆ ಕೇಳಲು ಮರೆತಿದ್ದೆ.

ಮಾರ್ಚ್ 11, ಮಂಗಳವಾರ

ಮೊಳೆ ಮಾರುವವನ ಅಂಗಡಿಯಲ್ಲಿ ತಪಾಸಣೆ. ತಕ್ಕಡಿ ಮೇಲೆ ಏನೂ ಇಡದಿದ್ದರೂ ಅಂಕಿ ತೋರಿಸುತ್ತಿತ್ತು. ಬರೆದುಕೊಳ್ಳಲು ಪೆನ್ನು ತೆಗೆದೆ, ಕೈ ಹಿಸುಕತೊಡಗಿದ. "ಮೇಡಂ, ಇದೊಂದು ಬಿಟ್ಟು ಬರ್ಕೊಳ್ಳಿ. ಮಕ್ಕಳಿರೋನು." ಎಲ್ಲರೂ ಇದನ್ನೇ ಹೇಳುತ್ತಾರೆ. ಮಕ್ಕಳಿಲ್ಲದವರು ಯಾರಿದ್ದಾರೆ? "ತಕ್ಕಡಿ ಏನು ಹೇಳುತ್ತೋ ಅದನ್ನ ಬರೆಯೋದಷ್ಟೇ ನನ್ನ ಕೆಲಸ," ಎಂದೆ.

ಹಾಗೆನ್ನುವಾಗಲೇ ತಲೆಗೆ ಹೊಳೆಯಿತು. ಯಾವ ತಕ್ಕಡಿಯನ್ನಾದರೂ ನಾವು ಪರೀಕ್ಷಿಸುವುದು ಹೇಗೆ? ಮೊದಲು ಬರಿದಾಗಿದ್ದಾಗ ಸೊನ್ನೆ ತೋರಿಸುತ್ತದೆಯೇ ನೋಡುತ್ತೇವೆ. ಆಮೇಲೆ ತೂಕ ಗೊತ್ತಿರುವ ಕಲ್ಲು ಇಡುತ್ತೇವೆ. ಸೂಟ್‌ಕೇಸಿನವನು ಸೊನ್ನೆಯನ್ನೂ ನೋಡಲಿಲ್ಲ, ನಾನು ಕಲ್ಲನ್ನೂ ಇಡಲಿಲ್ಲ. ಮನೆಯಲ್ಲಿ ನಾನೇ ಒಂದು ಯಂತ್ರ ಅಡಗಿಸಿಡಬೇಕು. ಅದನ್ನು ಹಿಡಿದವನು ಅಸಲಿ, ಹಿಡಿಯದವನು ನಕಲಿ.

ಯಂತ್ರಕ್ಕೆ ಎಲ್ಲಿ ಹೋಗಲಿ ಎಂದುಕೊಂಡವಳಿಗೆ ಅಟ್ಟದ ಮೇಲಿನ ಡಬ್ಬ ನೆನಪಾಯಿತು. ಅಳುಪೆಟ್ಟಿಗೆ! ಮಗಳು ಕೂಸಾಗಿದ್ದಾಗ ತಂದ ಬೇಬಿ ಮಾನಿಟರ್‌ಗೆ ನಾವಿಟ್ಟ ಹೆಸರು. ಒಂದು ತುಂಡು ತೊಟ್ಟಿಲ ಬಳಿ, ಇನ್ನೊಂದು ಅಡುಗೆಮನೆಯಲ್ಲಿ. ಅವಳು ಮಿಸುಕಿದರೂ ನನಗೆ ಕೇಳಿಸುತ್ತಿತ್ತು. ಬಾತುಕೋಳಿಯ ಚಿತ್ರ ಇನ್ನೂ ಅಂಟಿಕೊಂಡಿದೆ. ಒಂದನ್ನು ಪ್ಲಗ್ಗಿಗೆ ಸಿಕ್ಕಿಸಿ ಇನ್ನೊಂದಕ್ಕೆ ಬ್ಯಾಟರಿ ಹಾಕಿದರೆ ಇಂದಿಗೂ ಕೆಲಸ ಮಾಡುತ್ತದೆ. ಅಂದಿನ ಸಾಮಾನು ಅಂದರೆ ಸಾಮಾನು.

ಮಗಳ ಕೋಣೆಯ ಪುಸ್ತಕದ ಕಪಾಟಿನ ಹಿಂದೆ ಇಟ್ಟಿದ್ದೇನೆ. ಅಲ್ಲಿ ಖಾಲಿ ಪ್ಲಗ್ ಇದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಬೇರೆ ಕಾರಣವಿಲ್ಲ.

ಮಾರ್ಚ್ 13, ಗುರುವಾರ

ಸೂಟ್‌ಕೇಸಿನವನ ಬಣ್ಣ ಬಯಲಾಯಿತು. "ಇನ್ನೊಂದು ಸಲ ಇಡೀ ಮನೆ ನೋಡಿ," ಎಂದೆ. ಮಗಳ ಕೋಣೆಗೆ ಹೋದ, ಕಪಾಟಿಗೆ ಬೆನ್ನು ಒರಗಿಸಿಯೇ ನಿಂತ, "ಈ ರೂಮ್ ಕ್ಲೀನ್ ಮೇಡಂ," ಎಂದ. ಅವನ ಬೆನ್ನಿಗೂ ಬಾತುಕೋಳಿಗೂ ನಡುವೆ ಒಂದು ಹಲಗೆ ಮಾತ್ರ! ಮತ್ತೆ ಅಡುಗೆಮನೆಗೆ ಹೋದರೆ ಮುಳ್ಳು ಕುಣಿಯಿತು. ನಾನು ಅವನ ಹೆಬ್ಬೆರಳನ್ನೇ ನೋಡುತ್ತಿದ್ದೆ. ಸೂಟ್‌ಕೇಸಿನ ಹಿಡಿಯ ಕೆಳಗೆ ಗುಂಡಿ. ಮಾಂಸದಂಗಡಿಯವನು ತಟ್ಟೆಯ ಅಂಚಿಗೆ ಬೆರಳು ಒತ್ತುವುದನ್ನು ಎಷ್ಟು ಸಲ ಹಿಡಿದಿಲ್ಲ ನಾನು.

ಸ್ಕ್ರೂಡ್ರೈವರ್ ತಂದು ಅವನ ಎದುರೇ ಸ್ವಿಚ್‌ಬೋರ್ಡ್ ಬಿಚ್ಚಿದೆ. ಒಳಗೆ ತಂತಿಗಳಿದ್ದವು, ಒಂದು ಸತ್ತ ಜಿರಳೆ ಇತ್ತು.

"ಇದೇನಾ ಶಕ್ತಿಶಾಲಿ ಯಂತ್ರ?" ಎಂದೆ.

"ಅದು… ಬೇರೆ ಕಡೆಗೆ ಹೋಗಿರಬೇಕು ಮೇಡಂ."

"ನಡ್ಕೊಂಡು ಹೋಯ್ತಾ?"

ಬಾಲ ಮುದುರಿಕೊಂಡು ಓಡಿದ. ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಗಿ ನಕ್ಕೆ. ಆಮೇಲೆ ಅವತ್ತು ಸ್ವಿಚ್‌ಬೋರ್ಡಿಗೆ ಬೈದದ್ದು ನೆನಪಾಗಿ ನಾಚಿಕೆಯಾಯಿತು. ಜಿರಳೆಗೆ ಬೈದೆನಲ್ಲ.

ಹಾಗಾದರೆ ಅಸಲಿ ಯಂತ್ರ ಎಲ್ಲಿದೆ?

ಮಾರ್ಚ್ 14, ಶುಕ್ರವಾರ

ಲಾಯರಮ್ಮ ಇನ್ನೊಬ್ಬರ ನಂಬರು ಕೊಟ್ಟರು. ಒಬ್ಬ ಹೆಂಗಸು. ನಾನು ಫೋನು ಮಾಡಿದ ಕೂಡಲೇ, "ಎಲ್ಲಿಂದ ಮಾತಾಡ್ತಿದೀರಿ?" ಎಂದಳು. ಮನೆಯಿಂದ ಎಂದೆ. "ಫೋನ್ ಇಡಿ. ಹೊರಗೆ ಹೋಗಿ, ಬೇರೆಯವರ ಫೋನಿಂದ ಮಾಡಿ." ಕಚೇರಿಯ ಫೋನಿಂದ ಮಾಡಿದೆ. ಯಾರ ಮೇಲೆ ಅನುಮಾನ ಎಂದು ಅವಳು ಕೇಳಲೇ ಇಲ್ಲ. ನಾನೇ ಹೇಳಹೋದರೆ, "ಬೇಡ ಮೇಡಂ, ಗೊತ್ತಿದ್ರೆ ಅಲ್ಲೇ ಹುಡುಕೋಕೆ ಶುರು ಮಾಡ್ತೀನಿ," ಎಂದಳು. ಯಂತ್ರ ಗಿಂತ್ರ ಮಾರುವುದಿಲ್ಲವಂತೆ.

"ಒಂದು ಮಾತು. ಏನೂ ಸಿಗದೇ ಇದ್ರೂ ನನ್ನ ಫೀಸು ಕೊಡ್ಬೇಕು. ಏನೂ ಇಲ್ಲ ಅನ್ನೋದನ್ನ ಹೇಳೋದು ಇನ್ನೂ ಕಷ್ಟದ ಕೆಲಸ."

ಮಾತು ಚೆನ್ನಾಗಿದೆ. ಮಾತು ಸೂಟ್‌ಕೇಸಿನವನದೂ ಚೆನ್ನಾಗಿತ್ತು. ಇಪ್ಪತ್ತೆಂಟಕ್ಕೆ ಬರುತ್ತಾಳೆ. ಇವಳಿಗೂ ಅದೇ ಪರೀಕ್ಷೆ. ಹಾಗಾಗಿ ಅಳುಪೆಟ್ಟಿಗೆ ಇದ್ದಲ್ಲೇ ಇರಲಿ.

ಮಾರ್ಚ್ 17, ಸೋಮವಾರ

ಪರೀಕ್ಷೆಗೆ ಇಡುವ ಕಲ್ಲೇ ಸವೆದಿದ್ದರೆ ಪರೀಕ್ಷೆಗೇನು ಬೆಲೆ? ಯಂತ್ರ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡುತ್ತಿರಬೇಕು. ಸಂಜೆ ಅಡುಗೆಮನೆಯಲ್ಲಿ ಇನ್ನೊಂದು ತುಂಡನ್ನು ಒಂದು ನಿಮಿಷ ಹಾಕಿ ನೋಡಿದೆ. ಮಗಳು ಹಾಡುತ್ತಿದ್ದಳು. ಶ್ರುತಿಯಿಲ್ಲ, ತಾಳವಿಲ್ಲ, ನನ್ನ ಹಾಗೆಯೇ. ನಡುವೆ ಸೀನಿದಳು.

ಕೆಲಸ ಮಾಡುತ್ತಿದೆ.

ಮಾರ್ಚ್ 19, ಬುಧವಾರ

ಯಂತ್ರ ಸರಿಯಾಗಿದೆ. ಮಗಳು ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುವಾಗ ಆ ಕಡೆಯ ಧ್ವನಿಯೂ ಕೇಳಿಸುತ್ತದೆ. ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಬಟ್ಟೆ ಮಡಚುತ್ತಾಳೆ. ವಿಜ್ಞಾನದ ಮೇಷ್ಟ್ರನ್ನು ಎಷ್ಟು ಚೆನ್ನಾಗಿ ಅಣಕಿಸುತ್ತಾಳೆ! ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನನ್ನೆದುರು ಈ ಹುಡುಗಿ ಊಟಕ್ಕೆ ಕೂತರೆ 'ಹೂಂ', 'ಊಹೂಂ' ಬಿಟ್ಟು ಮೂರನೇ ಮಾತಿಲ್ಲ.

ಅವಳ ಶೂ ಕಚ್ಚುತ್ತಿದೆಯಂತೆ. ಹಿಮ್ಮಡಿ ಸುಲಿದಿದೆಯಂತೆ. ನನಗೆ ಹೇಳಬಾರದೇ? "ಅಮ್ಮಂಗೆ ಈಗ್ಲೇ ತಲೆ ಕೆಟ್ಟಿದೆ, ಇದೊಂದು ಬೇರೆ ಯಾಕೆ," ಎಂದಳು ಗೆಳತಿಗೆ.

ಬ್ಯಾಟರಿ ಬದಲಿಸಿದೆ.

ಮಾರ್ಚ್ 22, ಶನಿವಾರ

ಮಗಳು ಅಪ್ಪನ ಮನೆಯಲ್ಲಿ. ಮನೆ ಬಿಕೋ ಎನ್ನುತ್ತಿದೆ. ಅಳುಪೆಟ್ಟಿಗೆಯಿಂದ ಬರೀ ಸುಯ್ ಎಂಬ ಸದ್ದು. ಅದನ್ನೂ ಆರಿಸಲಿಲ್ಲ, ಜೊತೆಗಿರಲಿ ಎಂದು.

ಮಾರ್ಚ್ 24, ಸೋಮವಾರ

ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಸಂಜೆ ಇವಳಪ್ಪ ಫೋನು ಮಾಡಿದ್ದ. ಅವಳು ಸ್ಪೀಕರಿಗೆ ಹಾಕಿರಲಿಲ್ಲ, ಅವಳ ಮಾತಷ್ಟೇ ಕೇಳಿತು. ಮೊದಲು ಪರೀಕ್ಷೆ, ಊಟ, ಅದು ಇದು. ಆಮೇಲೆ ಧ್ವನಿ ಏರಿತು.

"ಅಪ್ಪಾ, ನನ್ನ ಯಾಕೆ ಕೇಳ್ತೀಯಾ? ಅಮ್ಮನ್ನೇ ಕೇಳು. ಅವತ್ತು ವರ್ಗದ ವಿಷಯ ಏನೋ ಬಾಯಿತಪ್ಪಿ ಹೇಳ್ಬಿಟ್ಟೆ. ನೀನು ಅದನ್ನೇ ಹಿಡ್ಕೊಂಡು ಅವಳನ್ನ ಕೇಳಿದೀಯಾ. ಪಾಪ, ಅವತ್ತಿಂದ ಗೋಡೆ ಗೋಡೆ ತಡಕ್ತಿದಾಳೆ. ನಾನೇ ಹೇಳಿದ್ದು ಅಂತ ಹೇಳೋಕೆ ನಂಗೆ ಧೈರ್ಯ ಬರ್ತಿಲ್ಲ."

ತಟ್ಟೆ ಒರೆಸುತ್ತಿದ್ದವಳು.

ಅಂದರೆ ಮನೆಯಲ್ಲಿ ಯಂತ್ರ ಇಲ್ಲವೇ ಇಲ್ಲವೇ? ಹಾಗೆಂದು ಹೇಳಲಾಗದು. ಒಂದು ಮಾತು ಅವಳಿಂದ ಹೋಯಿತೆಂದ ಮಾತ್ರಕ್ಕೆ ಉಳಿದದ್ದು ಬೇರೆ ದಾರಿಯಲ್ಲಿ ಹೋಗಿಲ್ಲ ಎಂದೇನಿಲ್ಲ. ವರದಿ ಬೇಕೇ ಬೇಕು. ಅಲ್ಲಿಯವರೆಗೆ ಅವಳು ಇನ್ನೇನೇನು ಹೇಳುತ್ತಾಳೆ ಎಂದು ನನಗೆ ತಿಳಿದಿರಬೇಕಲ್ಲ. ತಾಯಿಯಾದವಳಿಗೆ ಅಷ್ಟೂ ಬೇಡವೇ?

ಊಟದ ಹೊತ್ತಿಗೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಏನೋ ಹೇಳಲು ಹೊರಟ ಹಾಗೆ. ನಾನು ಏನೂ ಗೊತ್ತಿಲ್ಲದವಳ ಹಾಗೆ ಬಡಿಸಿದೆ. ಅವಳು ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು.

ಮಾರ್ಚ್ 26, ಬುಧವಾರ

ಹೊಸ ಶೂ ತಂದುಕೊಟ್ಟೆ. ಕುಣಿಯುತ್ತಾಳೆ ಎಂದುಕೊಂಡಿದ್ದೆ. ಡಬ್ಬ ತೆರೆದವಳು ಹಾಗೇ ನಿಂತಳು.

"ಶೂ ಕಚ್ತಿದೆ ಅಂತ ನಿಂಗೆ ಹೇಗೆ ಗೊತ್ತು?"

"ಹಾಗೇ ಅನ್ನಿಸ್ತು," ಎಂದೆ.

ಅವಳು ಥ್ಯಾಂಕ್ಸ್ ಎಂದಳು, ಒಳಗೆ ಹೋದಳು. ಮಕ್ಕಳಿಗೆ ಏನು ಮಾಡಿದರೂ ಅಷ್ಟೇ. ಸಾಲದ್ದಕ್ಕೆ ಇತ್ತೀಚೆಗೆ ಬಾಗಿಲು ಬೇರೆ ಹಾಕಿಕೊಳ್ಳುತ್ತಾಳೆ.

ಆಮೇಲೆ ಗೆಳತಿಯ ಫೋನು. ನಾನು ಹಾಲು ಕಾಯಿಸುತ್ತಿದ್ದೆ. ಗೆಳತಿ ಕೇಳಿದಳು: "ಒಂದನೇ ತಾರೀಕು ಅವರು ಕೇಳಿದ್ರೆ ಏನ್ ಹೇಳ್ತೀಯೇ? ಅಪ್ಪನಾ, ಅಮ್ಮನಾ?" ನಾನು ಪೆಟ್ಟಿಗೆಗೆ ಕಿವಿ ಆನಿಸಿದೆ. ಮಗಳು ಬಟ್ಟೆ ಕೊಡವಿದ ಸದ್ದು ಬಂತು. "ನಿಜ ಹೇಳ್ಲಾ?" ಎಂದಳು. ಅಷ್ಟರಲ್ಲಿ ಹಾಲು ಭುಸ್ಸೆಂದು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು, ಪಾತ್ರೆ ಎಳೆಯಹೋಗಿ ಕೈ ಸುಟ್ಟುಕೊಂಡೆ. ಮತ್ತೆ ಕಿವಿ ಕೊಟ್ಟರೆ ಅವರು ಗಣಿತದ ಲೆಕ್ಕ ಮಾತಾಡುತ್ತಿದ್ದರು.

ಥೂ, ಹಾಳು ಹಾಲು! ಏನು ಹೇಳಿದಳು? ಏನು ಹೇಳಿರಬಹುದು? ಹಾಲ್‌ನಿಂದ ಅಡುಗೆಮನೆ, ಅಡುಗೆಮನೆಯಿಂದ ಹಾಲ್, ಕೂತಲ್ಲಿ ಕೂರಲಾಗುತ್ತಿಲ್ಲ. ಅವಳ ಕೋಣೆಯ ಬಾಗಿಲವರೆಗೂ ಹೋದೆ. ತಟ್ಟಿ ಕೇಳಿಬಿಡಲೇ ಎಂದುಕೊಂಡೆ. ಕೇಳಿದರೆ ನಿಜ ಹೇಳುತ್ತಾಳೆಂದು ಏನು ಖಾತ್ರಿ? ತಿರುಗಿ ಬಂದೆ. ನಾಳೆ ಮತ್ತೆ ಗೆಳತಿ ಫೋನು ಮಾಡಬಹುದು.

ಸ್ಕ್ಯಾನ್ ಮಾಡುವವಳಿಗೆ ಹೇಳಿ ಒಂದೆರಡು ದಿನ ಮುಂದೂಡಿದರೆ ಹೇಗೆ ಎಂದು ಯೋಚಿಸಿದೆ. ಸುಮ್ಮನೆ, ಕಚೇರಿಯಲ್ಲಿ ಕೆಲಸ ಜಾಸ್ತಿ ಇದೆ ಎಂದು. ಆದರೆ ವರದಿ ಒಂದನೇ ತಾರೀಕಿಗೆ ಮುಂಚೆ ಬೇಕಲ್ಲ.

ಮಾರ್ಚ್ 28, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬಂದವಳ ಹೆಗಲ ಮೇಲೆ ಏಣಿ, ಕೈಯಲ್ಲಿ ಮಾಸಲು ಚೀಲ. ಸೂಟಿಲ್ಲ, ಸೂಟ್‌ಕೇಸಿಲ್ಲ. ಹೊಸ್ತಿಲಾಚೆಯೇ ನಿಲ್ಲಿಸಿ, "ಒಳಗೆ ಹೋದ್ಮೇಲೆ ಈ ವಿಷಯ ಮಾತಾಡ್ಬೇಡಿ. ರೇಡಿಯೋ ಹಾಕಿಡಿ. ಕೇಳೋ ಯಂತ್ರ ಇದ್ರೆ ಅದಕ್ಕೆ ಏನಾದ್ರೂ ಕೇಳಿಸ್ತಿರ್ಬೇಕು," ಎಂದಳು. ಫೋನುಗಳು, ಇಂಟರ್ನೆಟ್ ಪೆಟ್ಟಿಗೆ, ಮೈಕ್ರೋವೇವ್, ಎಲ್ಲ ಆರಿಸಿಸಿದಳು. "ಮೊದಲು ಸೊನ್ನೆ ನೋಡ್ಬೇಕು," ಎಂದಳು. ನನ್ನ ಬಾಯಿಂದ ಬಂದ ಮಾತಿನ ಹಾಗಿತ್ತು! ಅಲ್ಲೇ ನನಗೆ ಅವಳ ಮೇಲೆ ಪ್ರೀತಿ ಬಂತು.

ಏಣಿ ಹತ್ತಿ ಫ್ಯಾನು ನೋಡಿದಳು, ಇಳಿದು ಸೋಫಾ ತಿರುಗಿಸಿದಳು, ಪ್ರತಿ ಪ್ಲಗ್ಗು ಬಿಚ್ಚಿ ಮತ್ತೆ ಕೂರಿಸಿದಳು. ಹಾಲ್ ಆಯಿತು, ನನ್ನ ಕೋಣೆ ಆಯಿತು. ಮಗಳ ಕೋಣೆಯಲ್ಲಿ ಅವಳ ಪುಟ್ಟ ಪರದೆಯ ಮೇಲೆ ಗೆರೆಯೊಂದು ನೆಟ್ಟಗೆ ಎದ್ದು ನಿಂತಿತು. ಕಪಾಟಿನ ಹಿಂದೆ ಟಾರ್ಚು ಬಿಟ್ಟು ನೋಡಿದಳು. ಚೀಟಿಯ ಮೇಲೆ ಬರೆದು ನನಗೆ ಹಿಡಿದಳು: 'ಇಲ್ಲಿದೆ. ಆನ್ ಆಗಿದೆ. ಮಾತಾಡಬೇಡಿ, ಹೊರಗೆ ಬನ್ನಿ.'

ನನಗೆ ಎಲ್ಲಿಲ್ಲದ ಖುಷಿ. ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟೆ. "ಪಾಸಾದ್ರಿ ಮೇಡಂ, ಪಾಸಾದ್ರಿ! ಅದು ನಂದೇ. ನಾನೇ ಇಟ್ಟಿದ್ದು, ನಿಮ್ಮನ್ನ ಪರೀಕ್ಷೆ ಮಾಡೋಕೆ!"

ಅವಳು ನಗಲಿಲ್ಲ. ನನ್ನ ಹೆಗಲ ಹಿಂದೆ ನೋಡುತ್ತಿದ್ದಳು. ತಿರುಗಿದೆ. ಬಾಗಿಲಲ್ಲಿ ಮಗಳು, ಹೆಗಲಲ್ಲಿ ಚೀಲ, ಕಾಲಲ್ಲಿ ಹೊಸ ಶೂ. ಶಾಲೆ ಬೇಗ ಬಿಟ್ಟಿತ್ತು.

"ಯಾವಾಗಿಂದ ಇದೆ ಇಲ್ಲಿ?" ಎಂದು ಏಣಿಯಮ್ಮ ಕೇಳಿದಳು.

"ಹನ್ನೊಂದನೇ ತಾರೀಕಿಂದ. ಪರೀಕ್ಷೆಗೆ…"

"ಇದರ ಜೋಡಿ ಎಲ್ಲಿ?"

ಹೇಳಬೇಕಾಗಲಿಲ್ಲ. ಹಾಲ್‌ನ ರೇಡಿಯೋ ಹಾಡುತ್ತಿತ್ತು, ಅದೇ ಹಾಡು ಗೊರಗೊರ ಧ್ವನಿಯಲ್ಲಿ ಅಡುಗೆಮನೆಯಿಂದಲೂ ಬರುತ್ತಿತ್ತು. ಆರಿಸಲು ಮರೆತಿದ್ದೆ.

"ಬ್ಯಾಟರಿ ನೋಡೋಕೆ ಅಂತ ಹಾಕಿದ್ದೆ," ಎಂದೆ.

"ದಿನಾನಾ?"

ಮಗಳು ಒಳಗೆ ಬಂದು ಕಪಾಟಿನ ಹಿಂದೆ ಕೈ ಹಾಕಿ ಅದನ್ನು ಎಳೆದಳು. ಬಾತುಕೋಳಿಯ ಮೇಲೆ ಹೆಬ್ಬೆರಳಾಡಿಸಿದಳು. "ಇದು ನನ್ನ ಅಳುಪೆಟ್ಟಿಗೆ ಅಲ್ವಾ?" ಎಂದಳು. ಆಮೇಲೆ ಕೆಳಗೆ ತನ್ನ ಕಾಲು ನೋಡಿಕೊಂಡಳು. ಶೂ ಬಿಚ್ಚಿದಳು. ಎರಡನ್ನೂ ಜೋಡಿಸಿ ಬಾಗಿಲ ಹೊರಗೆ ಇಟ್ಟು, ನಮ್ಮಿಬ್ಬರನ್ನೂ ಹೊರಗೆ ಬಿಟ್ಟು, ಬಾಗಿಲು ಹಾಕಿಕೊಂಡಳು.

ಏಣಿಯಮ್ಮ ಅಡುಗೆಮನೆಯನ್ನೂ ಮುಗಿಸಿಯೇ ಕೂತಳು, ನಿಧಾನಕ್ಕೆ ಹೇಳಿದಳು. "ಬೇರೆ ಏನೂ ಇಲ್ಲ. ನಿಮ್ಮ ಮನೇಲಿ ಕದ್ದು ಕೇಳೋ ಯಂತ್ರ ಇರೋದು ಒಂದೇ. ವರದೀಲಿ ಹಾಗೇ ಬರೀತೀನಿ."

"ಮೇಡಂ," ಎಂದೆ. ನನ್ನ ಕೈ ನಾನೇ ಹಿಸುಕಿಕೊಳ್ಳುತ್ತಿದ್ದೆ. "ಅದೊಂದು ಬಿಟ್ಟು ಬರೀಬಹುದಾ? ಮಗು ವಿಷಯ ಇದು."

"ಏನು ಸಿಕ್ತೋ ಅದನ್ನ ಬರೆಯೋದಷ್ಟೇ ನನ್ನ ಕೆಲಸ ಮೇಡಂ."

ಅಸಲಿ. ನೂರಕ್ಕೆ ನೂರು ಅಸಲಿ.

ಮಾರ್ಚ್ 29, ಶನಿವಾರ

ಮಗಳು ಅಪ್ಪನ ಮನೆಗೆ ಹೋದಳು. ಹಳೇ ಶೂ ಹಾಕಿಕೊಂಡು ಹೋದಳು. ಚೀಲ ಎಂದಿಗಿಂತ ಭಾರವಿತ್ತು.

ಮಾರ್ಚ್ 30, ಭಾನುವಾರ

ಬರುವುದಿಲ್ಲ ಎಂದೇ ಗಟ್ಟಿ ಮಾಡಿಕೊಂಡಿದ್ದೆ. ಕಾರು ಬಂತು. ಇವಳಪ್ಪ ಗಾಜು ಇಳಿಸಿದ. ಈಗ ಕೂಗಾಡುತ್ತಾನೆ, ನಾಳಿದ್ದು ಎಲ್ಲರೆದುರು ಹೇಳುತ್ತಾನೆ ಎಂದು ಕಾಯುತ್ತಾ ನಿಂತೆ.

"ಅವಳಿಗೆ ಸ್ವಲ್ಪ ಶೀತ ಆಗಿದೆ, ನೋಡ್ಕೋ," ಎಂದ. ಅಷ್ಟೇ. ಗಾಜು ಏರಿತು.

ಅವನಿಗೆ ಹೇಳಿಲ್ಲ. ಹೇಳಿದ್ದರೆ ಅವನ ಮುಖದಲ್ಲಿ ಕಾಣುತ್ತಿತ್ತು. ಬಾಯಿತಪ್ಪಿ ಕೂಡ ಹೇಳಿಲ್ಲ ನನ್ನ ಕೂಸು. ಗೇಟಿನ ಬಳಿಯೇ ನಿಂತು ಅತ್ತೆ.

ಮಾರ್ಚ್ 31, ಸೋಮವಾರ

ಲಾಯರಮ್ಮ ವರದಿಯನ್ನು ಎರಡು ಸಲ ಓದಿದರು. "ಇದು ಬಂದೇ ಇಲ್ಲ ಅಂದ್ಕೊಳ್ಳೋಣ," ಎಂದರು. ನಾನು ಮೇಜಿನ ಮೇಲಿದ್ದ ವರದಿಯನ್ನು ಎತ್ತಿಕೊಂಡು ಬಂದೆ.

ಅಳುಪೆಟ್ಟಿಗೆಯನ್ನು ಕಸದ ಬುಟ್ಟಿಗೆ ಹಾಕಬೇಕು ಎಂದು ನಿನ್ನೆಯಿಂದ ಅಂದುಕೊಳ್ಳುತ್ತಿದ್ದೇನೆ. ಅಡುಗೆಮನೆಯ ತುಂಡು ಇಲ್ಲೇ ಉಪ್ಪಿನ ಡಬ್ಬದ ಪಕ್ಕದಲ್ಲಿದೆ. ಇನ್ನೊಂದನ್ನು ಮಗಳು ಹಿಂದಿರುಗಿಸಿಲ್ಲ. ಶುಕ್ರವಾರದಿಂದ ಅವಳು 'ಹೂಂ', 'ಊಹೂಂ' ಕೂಡ ಹೇಳಿಲ್ಲ. ಶಾಲೆಯಿಂದ ಬಂದಳು, ಕೋಣೆಗೆ ಹೋದಳು. ನಾನು ಅಡುಗೆಗೆ ಇಟ್ಟು ಇಲ್ಲೇ ಮೇಜಿನ ಮೇಲೆ ಬರೆಯುತ್ತಾ ಕೂತಿದ್ದೇನೆ. ನಾಳೆ ಏನು ಹೇಳುತ್ತಾಳೋ. ಕೇಳುವ ಮುಖ ನನಗೆಲ್ಲಿದೆ?

ಪೆಟ್ಟಿಗೆ ಗೊರ್ ಎಂದಿತು. ಅದನ್ನು ಹಾಕಿದ್ದು ನಾನಲ್ಲ. ನೀರು ಕುಡಿಯಲು ಬಂದಾಗ ಅವಳೇ ಹಾಕಿ ಹೋಗಿರಬೇಕು. ಸದ್ದು ಬಂದರೆ ಹೊತ್ತುವ ಅದರ ಕೆಂಪು ದೀಪಗಳು ಒಂದರ ಮೇಲೊಂದು ಏರಿದವು.

"ಅಮ್ಮಾ, ಕೇಳಿಸ್ತಿದ್ಯಾ?"

ಅವಳು ಮಾತಾಡುತ್ತಿರುವಾಗಲೇ ಬರೆದುಕೊಳ್ಳುತ್ತಿದ್ದೇನೆ, ಒಂದು ಪದವೂ ತಪ್ಪಿಹೋಗಬಾರದೆಂದು.

"ವರ್ಗದ ವಿಷಯ ಅಪ್ಪಂಗೆ ಹೇಳಿದ್ದು ನಾನೇ. ಸಾರಿ. ಅದು ನಿಂಗೆ ಗೊತ್ತು ಅಂತಾನೂ ಗೊತ್ತು." ಸೀನಿದಳು. "ನಾಳೆ ಏನ್ ಹೇಳ್ತೀನಿ ಅಂತ ತಿಳ್ಕೋಬೇಕಿದ್ರೆ ಇಲ್ಲಿಗೆ ಬಂದು ಕೇಳು. ಬಾಗಿಲು ತೆಗ್ದಿದೀನಿ."

ಹೂಂ ಎಂದೆ. ಇದರಲ್ಲಿ ನನ್ನ ಮಾತು ಆ ಕಡೆಗೆ ಹೋಗುವುದಿಲ್ಲ. ಕೂಸಿನ ಅಳು ಕೇಳಿದವಳು ಉತ್ತರ ಕೊಡಬೇಕಿದ್ದರೆ ಎದ್ದೇ ಹೋಗಬೇಕಿತ್ತು, ಆಗಲೂ.

"ಅಮ್ಮಾ?"

ಒಲೆ ಆರಿಸಿದೆ. ಹೋಗುತ್ತಿದ್ದೇನೆ.